ಸರಪಳಿ ಎಳೆದರೆ ನೀರು

ಬಸವಕಲ್ಯಾಣದಿಂದ ಹುಮನಾಬಾದ್ ಕಡೆಗೆ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಒಂದು ರೂಢಿ ಇದೆ. ಕಾರ್ಖಾನೆಗಳ ಗಾಳಿ ಮೂಗಿಗೆ ಬಡಿಯುವ ಜಾಗ ಬರುತ್ತಿದ್ದಂತೆ ಯಾರೂ ಯಾರಿಗೂ ಹೇಳುವುದಿಲ್ಲ, ಕಿಟಕಿಯ ಗಾಜುಗಳು ಒಂದರ ಹಿಂದೊಂದು ಸರಿಯುತ್ತವೆ. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡೇ ಸೊಸೆಯ ಸುದ್ದಿ ಮುಂದುವರಿಸುತ್ತಾರೆ. ಹೋದ ವಾರ ಮನ್ನಾಏಖೇಳ್ಳಿಗೆ ಹೋಗುವಾಗ ನನಗೆ ಸಿಕ್ಕ ಸೀಟಿನ ಗಾಜು ಜಾಮ್ ಆಗಿತ್ತು. ಎಷ್ಟು ಎಳೆದರೂ ಜಗ್ಗಲಿಲ್ಲ. ಹುಳಿತ ಬೆಲ್ಲವನ್ನು ಸೀಮೆಎಣ್ಣೆಯಲ್ಲಿ ಕುದಿಸಿದರೆ ಹೇಗೋ ಹಾಗಿರುತ್ತದೆ ಆ ವಾಸನೆ. ನಾನು ಕರವಸ್ತ್ರ ಹುಡುಕುವಷ್ಟರಲ್ಲಿ ಗಂಟಲಿಗೆ ಬಂದೇಬಿಟ್ಟಿತು.

ಕಂಡಕ್ಟರ್ ನೋಡಿ, "ಎರಡ ಮಿನಿಟ್ ತಡ್ಕೋರಿ ಅಕ್ಕಾ, ದಾಟ್ತದ," ಅಂದ.

ದಾಟಿತು. ಬಸ್ಸು ದಾಟಿತು. ಆದರೆ ಅವತ್ತು ಇಡೀ ದಿನ ನಾನು ಊಟ ಮಾಡಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಇದೇ ವಾಸನೆಯನ್ನು ನಾನು ಬಟ್ಟೆಯಲ್ಲಿ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ. ಅವ್ವ "ಸ್ನಾನಾ ಮಾಡಿ ಒಳಗ ಬಾ" ಅಂದರೆ ನಗುತ್ತಿದ್ದೆ. ಆಗ ಅದು ನನಗೆ ಕೆಲಸದ ವಾಸನೆ, ನನ್ನ ನಾಟಕದ ವಾಸನೆ. ಆ ಮಳೆಗಾಲದ ವಿಷಯ ಬರೆದು ಮುಗಿಸಿಬಿಡಬೇಕು ಅಂತ ಇದನ್ನು ಫೋನಿನಲ್ಲೇ ಕುಟ್ಟುತ್ತಿದ್ದೇನೆ.

ನನಗೆ ನಾಟಕ ಯಾರೂ ಕಲಿಸಿಲ್ಲ. ಬಸವಕಲ್ಯಾಣದಲ್ಲಿ ಡಿಗ್ರಿ ಮಾಡುತ್ತಲೇ ಫೋನಿನಲ್ಲಿ ನೋಡಿ ನೋಡಿ ಕಲಿತೆ. ಡೆಂಗ್ಯೂ, ಶೌಚಾಲಯ, ಮತದಾನ ಅಂತ ಬೀದಿ ನಾಟಕ ಮಾಡಿಕೊಂಡಿದ್ದೆವು. ನಮ್ಮ ತಂಡ ಅಂದರೆ ನಾನು ಮತ್ತು ಸುನೀಲ, ಇಬ್ಬರೇ. ಸುನೀಲ ನನ್ನ ಕ್ಲಾಸಿನವನು. ಮುದುಕ, ಮುದುಕಿ, ಸೊಳ್ಳೆ, ಡಾಕ್ಟರ್ ಎಲ್ಲ ಅವನೇ. ಬರೆಯುವವಳು, ಹಲಗೆ ಬಾರಿಸುವವಳು, ಮಂದಿ ಜೊತೆ ಮಾತಾಡಿ ಅವರನ್ನು ಎಳೆದು ತರುವವಳು ನಾನು. ದೂರ ದೂರದ ಊರುಗಳಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಸುರಕ್ಷತೆಯ ಪಾಠವನ್ನು ನಾಟಕ ಆಡಿ ಕಲಿಸುತ್ತಾರೆ ಅಂತ ಎಲ್ಲೋ ನೋಡಿದ್ದೇ ನೋಡಿದ್ದು, ನನಗೆ ಹುಚ್ಚು ಹಿಡಿಯಿತು. ನಮ್ಮ ಓಣಿಯ ಬಾಬುರಾವ್ ಕಾಕಾ ಹುಮನಾಬಾದಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಅವರ ತಲೆ ತಿಂದೆ. ಕೊನೆಗೆ ಅವರು ತಮ್ಮ ಸೇಫ್ಟಿ ಸಾಹೇಬರ ಹತ್ತಿರ ನನ್ನನ್ನು ಕರೆದುಕೊಂಡು ಹೋದರು.

ಸಾಹೇಬರು ಮೈಸೂರು ಕಡೆಯವರು. ಮೊದಲು ಅವರು ಮಾಡುವ ತರಬೇತಿ ನೋಡಲಿಕ್ಕೆ ಕೂರಿಸಿದರು. ತಣ್ಣಗಿನ ಎಸಿ ಕೋಣೆ, ಗೋಡೆ ಮೇಲೆ ಇಂಗ್ಲಿಷ್ ಸ್ಲೈಡು, ಅದನ್ನು ಹಿಂದಿಯಲ್ಲಿ ಓದಿ ಹೇಳುವ ಒಂದು ಧ್ವನಿ. ನನ್ನ ಪಕ್ಕದಲ್ಲಿ ಕೂತವರು ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು ಕಾಲು ಚಾಚಿದರು. ನಾನು ನೋಡುತ್ತಿರುವುದು ಗೊತ್ತಾಗಿ ಮೆಲ್ಲಗೆ ಹೇಳಿದರು.

"ಹೊಸಬರೇನ್ರಿ? ಇದ ನಮ್ಮ ಮಕ್ಕೊಳ್ಳೂ ಕ್ಲಾಸ್. ಗೊರಕಿ ಹೊಡದ್ರ ಮಾತ್ರ ಸಾಹೇಬ್ರು ಬೈತಾರ. ನೀವೂ ಜರಾ ಮಕ್ಕೋರಿ."

ಅವರೇ ಖಾಜಾಮಿಯಾ. ಮೈಗೆ ತಾಗಿದರೆ ಸುಡುವ ಕಾಸ್ಟಿಕ್ ಸೋಡಾದ ಸೆಕ್ಷನ್ನಿನಲ್ಲಿ ಆಪರೇಟರ್, ನಲವತ್ತರ ಆಸುಪಾಸು. ಮಾತು ಕೇಳಿದರೆ ನಮ್ಮೂರಿನವರೇ. ಬಸವಕಲ್ಯಾಣದ ಕೋಟೆಯ ಕಡೆ ಮನೆ. "ಖಾಜಾ ಭಾಯ್" ಅಂತ ಅವತ್ತೇ ಕರೆಯಲಿಕ್ಕೆ ಶುರು ಮಾಡಿದೆ. ಅವರು ನನ್ನನ್ನು ಬೆಹನ್ ಅನ್ನುತ್ತಿದ್ದರು.

ಸಾಹೇಬರಿಗೆ ಬೇಕಾಗಿದ್ದು ಒಂದೇ ವಿಷಯ. ಕಾಸ್ಟಿಕ್ ಸೆಕ್ಷನ್ನಿನ ಎಡಗಡೆ, ಬಾಯ್ಲರಿನ ಹಿಂದೆ ಒಂದು ಹಳೆಯ ಸಿಮೆಂಟಿನ ನೀರಿನ ಟಾಕಿ ಇತ್ತು. ಮೈಮೇಲೆ ಏನೇ ಸಿಡಿಯಲಿ, ಕೆಲಸಗಾರರೆಲ್ಲ ಓಡುತ್ತಿದ್ದುದು ಅಲ್ಲಿಗೆ. ಕೈಕಾಲು ತೊಳೆಯುವುದು, ನಮಾಜಿನ ಮುಂಚೆ ವಜೂ ಮಾಡುವುದು, ಟಿಫಿನ್ ಡಬ್ಬಿ ಬೆಳಗುವುದು ಎಲ್ಲ ಅಲ್ಲೇ. ಬಲಗಡೆ, ಹಸಿರು ಬಣ್ಣ ಬಳಿದ ಸೇಫ್ಟಿ ಶವರ್ ಇತ್ತು. ಸರಪಳಿ ಎಳೆದರೆ ತಲೆಯ ಮೇಲಿಂದ ಧಾರಾಕಾರ ನೀರು ಬರಬೇಕಾದದ್ದು. ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

"ಆ ಟಾಕಿ ಚಟ ಬಿಡಿಸ್ಬೇಕಮ್ಮ," ಅಂದರು ಸಾಹೇಬರು. "ಪಾಚಿ ನೀರು. ಹೊರಗಿನಿಂದ ಸೇಫ್ಟಿ ಆಡಿಟ್‌ನವರು ಬರ್ತಾರೆ. ನೋಡಿದ್ರೆ ನಮ್ಮ ಮರ್ಯಾದೆ ಹೋಗುತ್ತೆ. ನಗಿಸಿ, ಅಳಿಸಿ, ಏನ್ ಬೇಕಾದ್ರೂ ಮಾಡಿ. ಜನ ಶವರ್ ಕಡೆ ಓಡ್ಬೇಕು."

ಆ ಮಳೆಗಾಲ ಚೆನ್ನಾಗಿ ಮಳೆ ಹಿಡಿದಿತ್ತು. ರಸ್ತೆಯ ಎರಡೂ ಕಡೆ ಸೋಯಾ ಮೊಣಕಾಲೆತ್ತರ, ಉದ್ದಿನ ಹೊಲದಲ್ಲಿ ನೀರು ನಿಂತು ಮಂದಿ ಕಾಲುವೆ ತೋಡುತ್ತಿದ್ದರು. ನಾನು ದಿನಾ ಬೆಳಗಿನ ಬಸ್ಸು ಹಿಡಿದು ಹೋಗಿ ಕ್ಯಾಂಟೀನಿನಲ್ಲಿ ಕೂತು ಕೆಲಸಗಾರರ ಮಾತು ಬರೆದುಕೊಳ್ಳುತ್ತಿದ್ದೆ. ಸುತ್ತಲಿನ ನಿರ್ಣಾ, ಕೊಡಂಬಲ ಹಳ್ಳಿಯವರು, ಶಿಫ್ಟ್ ಮುಗಿಸಿ ನೇರ ಹೊಲಕ್ಕೆ ಹೋಗುವವರು. ಯಾರು ಹೇಗೆ ನಡೆಯುತ್ತಾರೆ, ಯಾರು ಏನು ಬೈಯುತ್ತಾರೆ, ಎಲ್ಲ ಬರೆದುಕೊಂಡೆ. ಹಾಗೆ ಹುಟ್ಟಿದ ಪಾತ್ರ ಟಾಕಿ ಮಾಮಾ. ಕೈಗೆ ಸಿಡಿದರೂ ಟಾಕಿ, ಕಾಲಿಗೆ ಸಿಡಿದರೂ ಟಾಕಿ, ಹೆಂಡತಿ ಬೈದರೂ ಟಾಕಿ. ತಲೆ ಅದ್ದಿ ಎತ್ತಿದರೆ ಕಿವಿಯಿಂದ ಕಪ್ಪೆ ಜಿಗಿಯುತ್ತದೆ. ಸುನೀಲ ಅದನ್ನು ಮಾಡಿ ತೋರಿಸಿದಾಗ ಬಾಬುರಾವ್ ಕಾಕಾ ಚಹಾ ಉಗುಳಿಬಿಟ್ಟರು.

ನಾಟಕಕ್ಕೆ ಎರಡು ದಿನ ಇರುವಾಗ ನಿಜವಾದ ಜಾಗದಲ್ಲಿ ತಾಲೀಮು ಇಟ್ಟುಕೊಂಡೆವು. ನಾನು ಹೋಗಿ ಶವರಿನ ಸರಪಳಿ ಎಳೆದೆ. ಪೈಪು ಒಂದು ಸಲ ಕೆಮ್ಮಿದ ಹಾಗಾಗಿ ಒಂದಿಷ್ಟು ತುಕ್ಕಿನ ಪುಡಿ, ಅದರ ಜೊತೆ ಸತ್ತು ಒಣಗಿದ ಹಲ್ಲಿ ನನ್ನ ಹೆಗಲ ಮೇಲೆ ಬಿತ್ತು.

"ಕಾಕಾ, ಇದ್ರಾಗ ನೀರೇ ಇಲ್ಲಲ್ರಿ."

"ಎಲ್ಲಿಂದ ಬರ್ತಾವ?" ಅಂದರು ಬಾಬುರಾವ್ ಕಾಕಾ. "ಈ ಲೈನ್ ಕಡದು ಕೂಲಿಂಗ್ ಟವರಿಗಿ ಕೊಟ್ಟಾರ. ಕಡದು ವರ್ಷಗಟ್ಟಲೆ ಆತು. ಇಲ್ಲಿ ಮಂದಿಗಿ ಎಲ್ಲಾರಿಗೂ ಗೊತ್ತದ. ಅದಕ್ಕೇ ಟಾಕಿಗಿ ಓಡ್ತಾರ, ಮತ್ತೇನ್ ಹುಚ್ಚರೇನು?"

ನಾನು ಸಾಹೇಬರ ಹತ್ತಿರ ಓಡಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಪ್ರಪೋಸಲ್ ಹೋಗಿದೆಯಮ್ಮ, ಲೈನ್ ಆಗುತ್ತೆ. ಅವತ್ತೊಂದು ದಿನ ನೀರು ಬರೋದು ಮುಖ್ಯ. ನೀವು ನಾಟಕದವರು, ಏನಾದ್ರೂ ಮಾಡ್ತೀರಲ್ಲ."

ಇಲ್ಲಿ ನಾನು ಏನೂ ಮುಚ್ಚಿಡಬಾರದು. ನನಗೆ ಸಿಟ್ಟು ಬರಲಿಲ್ಲ. ಖುಷಿಯಾಯಿತು. ನನಗೊಂದು ಕೆಲಸ ಸಿಕ್ಕಿತು ಅನ್ನಿಸಿತು. ನೀರು ಬಾರದ ಊರಲ್ಲಿ ಬೆಳೆದವಳು ನಾನು, ಡ್ರಮ್ಮು, ಪೈಪು, ಕ್ಲಿಪ್ಪು ಇವೆಲ್ಲ ನನಗೆ ಹೊಸದಲ್ಲ. ಕ್ಯಾಂಟೀನಿನಿಂದ ಇನ್ನೂರು ಲೀಟರಿನ ನೀಲಿ ಡ್ರಮ್ಮು ಕೇಳಿ ತಂದೆವು. ಶವರಿನ ಹಿಂದಿನ ಶೆಡ್ಡಿನ ಸ್ಲ್ಯಾಬಿನ ಮೇಲೆ, ಕೆಳಗೆ ನಿಂತವರಿಗೆ ಕಾಣದಂತೆ ಅದನ್ನು ಏರಿಸಿದೆವು. ಅಲ್ಲಿಂದ ಒಂದು ಪೈಪು ಇಳಿಸಿ ಶವರಿನ ಕಡಿದ ಬಾಯಿಗೆ ಕ್ಲಿಪ್ಪು ಹಾಕಿ ಬಿಗಿದೆ. ಸರಪಳಿ ಎಳೆದರೆ ದಬದಬ ನೀರು. ಹೊರಗೆ ಮಳೆ, ಒಳಗೆ ನಾನು ಮಾಡಿದ ಮಳೆ. ಕುಣಿದಾಡಿದೆ.

ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದು ನಿಂತಿದ್ದ ಬಾಬುರಾವ್ ಕಾಕಾನ ಮುಖ ಮಾತ್ರ ಸಣ್ಣದಾಗಿತ್ತು.

"ಇದು ಬರೋಬ್ಬರಿ ಅನಸ್ತಿಲ್ಲ ತಂಗಿ. ಮಂದಿ ಖರೇ ಅನ್ಕೋತಾರ."

"ಖರೇ ಅನಿಸ್ಬೇಕಲ್ರಿ ಕಾಕಾ. ಅದಕ್ಕೇ ನಾಟಕ ಮಾಡೂದು."

"ಹೇಳಿದ್ರ ಕೇಳೂದಿಲ್ಲ ನೀ," ಅಂತ ಅವರು ಪಾನಾ ಚೀಲಕ್ಕೆ ಹಾಕಿಕೊಂಡರು.

ನಾಟಕದ ದಿನ ಎರಡು ಶಿಫ್ಟಿನವರನ್ನು ಒಟ್ಟಿಗೆ ಕರೆದಿದ್ದರು. ನೆಲದ ಮೇಲೆ, ಪೈಪುಗಳ ಮೇಲೆ, ಮೆಟ್ಟಿಲ ಮೇಲೆ ಎಲ್ಲೆಲ್ಲೂ ಹಳದಿ ಟೋಪಿ. ಮುಂದೆ ಕುರ್ಚಿಯಲ್ಲಿ ಆಡಿಟ್‌ನವರು. ಕೆಸರು ತಾಗಬಾರದು ಅಂತ ಅವರ ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಟಾಕಿ ಮಾಮಾ ಬಂದ. ಕಿವಿಯಿಂದ ಕಪ್ಪೆ ಜಿಗಿಯಿತು. ನಕ್ಕರು ಅಂದರೆ ಅಂಥಿಂಥ ನಗುವಲ್ಲ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕೊಡಂಬಲದ ಒಬ್ಬರು ತಮ್ಮ ಪಕ್ಕದವನ ಬೆನ್ನಿಗೆ ಗುದ್ದಿ, "ಏ, ಇದು ನಿನ್ನೇ ನೋಡಿ ಬರದಾರಲೇ," ಅಂದರು. ಎಸಿ ಕೋಣೆಯಲ್ಲಿ ಮಲಗಿದ್ದ ಅದೇ ಮಂದಿ ಈಗ ಕಣ್ಣು ಮಿಟುಕಿಸದೆ ಕೂತಿದ್ದರು. ನನಗೆ ಆಕಾಶ ಮೂರೇ ಗೇಣು.

ಕೊನೆಯ ದೃಶ್ಯ ಹೀಗಿತ್ತು. ಟಾಕಿ ಮಾಮಾನ ಕಣ್ಣಿಗೆ ಕಾಸ್ಟಿಕ್ ಸಿಡಿದಿದೆ, ಅವನು ಟಾಕಿಯ ಕಡೆ ಓಡುತ್ತಾನೆ, ನಾನು ಹಲಗೆ ನಿಲ್ಲಿಸಿ ಮಂದಿಯನ್ನು ಕೇಳುತ್ತೇನೆ, ಇವನನ್ನು ಯಾರು ಉಳಿಸ್ತೀರಿ. ಯಾರಾದರೂ ಎದ್ದು ಬಂದು ಶವರಿನ ಸರಪಳಿ ಎಳೆಯಬೇಕು. ಯಾರೂ ಏಳಲಿಲ್ಲ. ಅದರಲ್ಲಿ ನೀರಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ನಾನು ಖಾಜಾ ಭಾಯ್ ಕಡೆ ನೋಡಿ, "ಬರ್ರಿ ಭಾಯ್, ಎದ್ದೀರಲ್ಲ ಇವತ್ತು," ಅಂದೆ. ಮತ್ತೆ ನಗು. ಅವರು ತಲೆ ಕೆರೆದುಕೊಳ್ಳುತ್ತ ಬಂದರು. ಸುಮ್ಮನೆ ನನ್ನ ಮಾನ ಉಳಿಸಲಿಕ್ಕೆ ಬಂದವರು. ಸರಪಳಿ ಹಿಡಿದು ಎಳೆದರು.

ನೀರು ಅವರ ತಲೆ ಮೇಲೇ ಸುರಿಯಿತು. ಮೈಯೆಲ್ಲ ಒದ್ದೆ. ಆಮೇಲೆ ಮೆಟ್ಟಿಲ ಮೇಲಿಂದ ಯಾರೋ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅರೆ, ಲೈನ್ ಹಾಕ್ಯಾರ ನೋಡು."

ಕೇಳಿಸಿತು. ಕೇಳಿಸಿ ನನಗೆ ಮೈ ಜುಮ್ಮೆಂದಿತು, ನಂಬಿದರಲ್ಲ ಅಂತ. ಈಗ ಆ ಜುಮ್ಮೆಂದದ್ದನ್ನು ನೆನೆಸಿಕೊಂಡರೆ ನನ್ನ ಮೈಯನ್ನೇ ಉಜ್ಜಿ ತೊಳೆಯಬೇಕು ಅನ್ನಿಸುತ್ತದೆ.

ಚಪ್ಪಾಳೆ ನಿಲ್ಲಲಿಲ್ಲ. ಸಾಹೇಬರು ಎದ್ದು ಬಂದು, "ಇನ್ನೊಂದ್ ಸಲ ಎಳೀರಿ ಖಾಜಾ, ಫೋಟೋ ಸರಿ ಬಂದಿಲ್ಲ," ಅಂದರು. ಅಷ್ಟರಲ್ಲಿ ಹಿಂದಿನಿಂದ ಸ್ಲ್ಯಾಬು ಹತ್ತಿದ್ದ ಸುನೀಲ ಡ್ರಮ್ಮಿನ ತಳ ಕಾಣುತ್ತಿದೆ ಅಂತ ಕೈ ಸನ್ನೆ ಮಾಡಿದ. ಪುಣ್ಯಕ್ಕೆ ಎರಡನೆಯ ಸಲಕ್ಕೂ ಸಾಕಾಗುವಷ್ಟು ಉಳಿದಿತ್ತು. ಖಾಜಾ ಭಾಯ್ ಈ ಸಲ ಕ್ಯಾಮೆರಾ ನೋಡಿ ಹಲ್ಲು ಬಿಟ್ಟು ಎಳೆದರು. ಆಡಿಟ್‌ನವರು ತಮ್ಮ ಕಾಗದದಲ್ಲಿ ಏನೋ ಟಿಕ್ ಮಾಡಿದರು. ಸಮೋಸದ ಡಬ್ಬಿ ಹಂಚಿದರು. ಮಂದಿ ಹೋದ ಮೇಲೆ ನಾವು ಕ್ಲಿಪ್ಪು ಬಿಚ್ಚಿ, ಪೈಪು ಸುತ್ತಿ, ಡ್ರಮ್ಮು ಇಳಿಸಿ, ಒರೆಸಿ, ಕ್ಯಾಂಟೀನಿಗೆ ವಾಪಸು ಕೊಟ್ಟೆವು. ನಾಟಕ ಆಡಿದ ಜಾಗವನ್ನು ಮೊದಲಿದ್ದಂತೆ ಮಾಡಿ ಹೋಗಬೇಕು ಅಂತ ನಾನೇ ನಮ್ಮ ತಂಡಕ್ಕೆ ಮಾಡಿದ ನಿಯಮ.

ನಾಟಕ ಕೆಲಸ ಮಾಡಿತು. ಅದೇ ತೊಂದರೆ. ಸಾಹೇಬರು ವಾರಕ್ಕೊಮ್ಮೆ ಫೋನು ಮಾಡಿ ಹೇಳುತ್ತಿದ್ದರು. ಈಗ ಟಾಕಿಯ ಹತ್ತಿರ ಯಾರೂ ಸುಳಿಯುವುದಿಲ್ಲವಂತೆ, ಕೈ ತೊಳೆಯಲು ಹೋದವನನ್ನೂ "ಟಾಕಿ ಮಾಮಾ ಹೊಂಟ ನೋಡ್ರಿ" ಅಂತ ಛೇಡಿಸುತ್ತಾರಂತೆ. ನಾನು ಸ್ಪೀಕರ್ ಹಾಕಿ ಅವ್ವನಿಗೂ ಕೇಳಿಸಿದೆ. ಲೈನಿನ ಪ್ರಪೋಸಲ್ ಏನಾಯಿತು ಅಂತ ಒಂದು ಸಲವೂ ಕೇಳಲಿಲ್ಲ. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಕೇಳಿದರೆ ಇನ್ನೊಂದು ನಾಟಕ ಸಿಗುವುದಿಲ್ಲವೇನೋ ಅಂತ ಕೇಳಲಿಲ್ಲ.

ಮಳೆ ಕಡಿಮೆಯಾಗಿ ಉದ್ದು ಕೀಳುವ ಹೊತ್ತಿಗೆ ಸಾಹೇಬರ ಫೋನು ಬಂತು. "ಆ ವಿಡಿಯೋ ಇದೆಯಲ್ಲಮ್ಮ, ಖಾಜಾ ಸರಪಳಿ ಎಳೆಯೋದು, ನೀರು ಬರೋದು. ಕತ್ತರಿಸದೆ ಪೂರ್ತಿ ಕಳಿಸಿ. ಅರ್ಜೆಂಟು." ದೊಡ್ಡ ಆಫೀಸಿನಲ್ಲಿ ತೋರಿಸುತ್ತಾರೆ ಅಂದುಕೊಂಡೆ. ಚೆನ್ನಾಗಿ ಕಾಣಲಿ ಅಂತ ಬೆಳಕು ಸರಿಮಾಡಿ, ಶುರುವಿಗೆ ನಮ್ಮ ತಂಡದ ಹೆಸರು ಹಾಕಿ ಕಳಿಸಿದೆ. ಕೆಳಗೆ ಒಂದು ನಗುಮುಖವನ್ನೂ ಒತ್ತಿದೆ.

ಮರುದಿನ ಬೆಳಿಗ್ಗೆ ಬಾಬುರಾವ್ ಕಾಕಾ ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಚಹಾ ಬೇಡ ಅಂದರು.

"ಖಾಜಾನ ಕಣ್ಣಿಗಿ ಕಾಸ್ಟಿಕ್ ಬಿತ್ತು ತಂಗಿ. ನಾಕ ದಿನ ಆತು. ಪೈಪಿನ ಜಾಯಿಂಟ್ ಬಿಟ್ಟಿತು. ಸೊಲ್ಲಾಪುರಕ್ಕ ಒಯ್ದಿದ್ರು. ಬಲಗಣ್ಣ ಹೋತು. ಎಡದು ಉಳಿತದಂತ."

ಕಾಕಾ ನನ್ನ ಮುಖ ನೋಡದೆ ಮುಂದಿನದನ್ನೂ ಹೇಳಿದರು.

"ಶವರಿಗಿ ಓಡ್ಯಾನ. ಎಳದು ಎಳದು ಸರಪಳಿ ಹರದಾನ. ಆಮ್ಯಾಗ ಯಾರೋ ಎತ್ಕೊಂಡು ಟಾಕಿಗಿ ಒಯ್ದು ಮುಳುಗಿಸ್ಯಾರ. ಅಷ್ಟರಾಗ ಆಗೂದು ಆಗಿತ್ತು."

ನಾನು ಒಳಗೆ ಹೋಗಿ ಫೋನು ತೆರೆದೆ. ಕಳಿಸಿದ ವಿಡಿಯೋ ಕೆಳಗೆ ಸಾಹೇಬರು ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದರು. ಅದರ ಮೇಲೆ ನನ್ನ ನಗುಮುಖ.

ಖಾಜಾ ಭಾಯ್ ಊರಿಗೆ ಬಂದ ಮೇಲೆ ನೋಡಲು ಹೋದೆ. ಕೋಟೆಯ ಕಡೆಗಿನ ಇಳಿಜಾರಿನ ಸಂದಿಯಲ್ಲಿ ಎರಡು ಕೋಣೆಯ ಮನೆ. ಗೋಡೆಗೆ ಒರಗಿ ಕೂತಿದ್ದರು. ಉಳಿದ ಎಡಗಣ್ಣಿಗೂ ಇನ್ನೂ ಪಟ್ಟಿ ಕಟ್ಟಿದ್ದರಿಂದ ಧ್ವನಿಯಿಂದಲೇ ಗುರುತು ಹಿಡಿದು, "ಬಾ ಬೆಹನ್, ನಿನ್ನ ಹೀರೋಗೆ ಏನಾಗ್ಯದ ನೋಡು," ಅಂದರು. ಅವರ ಹೆಂಡತಿ ಚಹಾ ತಂದರು. ಭಾಯ್ ಹತ್ತಿ ಎತ್ತಿ ಬಲಗಣ್ಣಿನ ನೀರು ಒರೆಸಿಕೊಂಡಾಗ ನಾನು ನೋಡಬಾರದಿತ್ತು, ನೋಡಿಬಿಟ್ಟೆ. ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಿತ್ತು. ಕೈಯಲ್ಲಿದ್ದ ಚಹಾದ ಕೆನೆ ಕೂಡ ಹಾಗೇ ಕಾಣಿಸಿತು. ಆದರೂ ಕುಡಿದೆ.

"ಮೊದಲ ನಾ ಎಡಕ್ಕೇ ಹೊಂಟಿದ್ದೆ," ಅಂದರು ಅವರು. "ಹದಿನೈದು ವರ್ಷದ ರೂಢಿ, ಕಾಲ ತಾವೇ ಟಾಕಿ ಕಡಿ ಹೊಂಟ್ವು. ಎರಡ ಹೆಜ್ಜಿ ಇಟ್ಟೆ. ನಗ್ತಾರಲ್ಲ ಮಂದಿ ಅನಸ್ತು. ಅಂಥ ಉರಿಯಾಗ ಅದ ತಲಿಗಿ ಬಂತು ನೋಡು. ಮತ್ತ ಬಲಕ್ಕ ತಿರುಗಿದೆ. ನನ್ನ ಕೈಯಾಗೇ ನೀರು ಬಂದಿತ್ತಲ್ಲ ಅವತ್ತು."

ಅವರ ಹೆಂಡತಿ ಟ್ರಂಕಿನ ಮೇಲಿಂದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟರು. "ಸಾಹೇಬ್ರು ಕೊಟ್ಟು ಹೋಗ್ಯಾರ ಬಾಯಿ. ಶುಕ್ರವಾರ ಸಹಿ ಮಾಡಿಸ್ಕೊಂಡು ಒಯ್ತಾರಂತ. ಏನ್ ಬರದಾರ ಓದಿ ಹೇಳ್ರಿ. ಇವ್ರಿಗಿ ಈಗ ಅಕ್ಷರ ಕಾಣೂದಿಲ್ಲ, ನನಗ ಬರೂದಿಲ್ಲ."

ಓದಿದೆ. ಕನ್ನಡದಲ್ಲಿ ನೀಟಾಗಿ ಟೈಪ್ ಮಾಡಿದ್ದರು. ಸುರಕ್ಷತಾ ಶವರ್ ಸುಸ್ಥಿತಿಯಲ್ಲಿತ್ತು. ಅದನ್ನು ಬಳಸುವ ಬಗ್ಗೆ ನನಗೆ ನಾಟಕದ ಮೂಲಕ ತರಬೇತಿ ಕೊಡಲಾಗಿತ್ತು, ನಾನೇ ಸ್ವತಃ ಬಳಸಿ ನೋಡಿದ್ದೆನು, ಅದರ ವಿಡಿಯೋ ಇದೆ. ಘಟನೆಯ ದಿನ ಗಾಬರಿಯಲ್ಲಿ ನಾನು ಸರಿಯಾಗಿ ಎಳೆಯದೆ ಸರಪಳಿಯನ್ನು ಹಾಳುಮಾಡಿದೆನು. ಇದರಲ್ಲಿ ಕಂಪನಿಯ ತಪ್ಪು ಇರುವುದಿಲ್ಲ.

ನಾಟಕದ ಮೂಲಕ. ಆ ಎರಡು ಪದ ನಾನೇ ಜೋರಾಗಿ ಓದಿ ಹೇಳಿದೆ. ನನ್ನ ಧ್ವನಿ ನಡುಗಲಿಲ್ಲ, ಅದನ್ನೂ ಬರೆಯಬೇಕು. ಉಸಿರು ಹಿಡಿಯುವುದು, ಧ್ವನಿ ಸ್ಥಿರ ಇಡುವುದು ಇದೆಲ್ಲ ಚೆನ್ನಾಗಿ ಕಲಿತಿದ್ದೆನಲ್ಲ.

ಖಾಜಾ ಭಾಯ್ ತಲೆ ಆಡಿಸಿದರು. "ಹಂಗೇ ಇರ್ಬೇಕು. ನಾನೇ ಬರೋಬ್ಬರಿ ಎಳದಿಲ್ಲ. ಹೈರಾಣಾಗಿ ಅಡ್ಡ ಎಳದಿರ್ಬೇಕು. ಇಲ್ಲಾಂದ್ರ ಯಾಕ ಬರೂದಿಲ್ಲ ನೀರು?"

"ಸಹಿ ಮಾಡಿದ್ರ ಕಂಪನಿಗಿ ಪರಿಹಾರ ಕೇಳಾಕ ಬರೂದಿಲ್ಲ ಅಂತಾರ ಬಾಬುರಾವ್," ಅಂದರು ಅವರ ಹೆಂಡತಿ. "ಸರ್ಕಾರದ ತಪಾಸಣಿ ಆಫೀಸರ್ ಬಂದ್ರೂ ಇದೇ ಕಾಗದ ತೋರಿಸ್ತಾರಂತ. ಒಂದ ಕಣ್ಣಿನ ಮನಷಾಗ ಯಾರ್ ಕೆಲಸಾ ಕೊಡ್ತಾರ್ರಿ ಬಾಯಿ?"

"ನಾ ಮಾಡಿದ ಗಲತಿ ಮಂದಿ ಮ್ಯಾಲ ಹ್ಯಾಂಗ ಹಾಕ್ಲಿ?" ಅಂದರು ಭಾಯ್. "ಬೆಹನ್ ಬೇಕಾದ್ರ ಹೇಳ್ಲಿ. ಅವತ್ತ ನೀರು ಬಂದಿತ್ತಿಲ್ಲೋ?"

"ಬಂದಿತ್ತು," ಅಂದೆ. ಅಷ್ಟೇ ಅಂದು ಎದ್ದು ಬಂದೆ.

ಮನೆಗೆ ಹೋಗುವ ದಾರಿಯಲ್ಲಿ ಸುನೀಲನಿಗೆ ಫೋನು ಮಾಡಿದೆ. ಅವನು "ನಾವೇನ್ ಮಾಡೂದು? ಲೈನ್ ಕಡದವರು ಅವರು," ಅಂದ. ಖರೇ ಮಾತೇ. ಅದರಿಂದ ನನಗೆ ಅರ್ಧ ಗಂಟೆ ಸಮಾಧಾನವಾಯಿತು. ಆಮೇಲೆ ಊಟದ ತಟ್ಟೆ ಸರಿಸಿಟ್ಟೆ. ಸಾಹೇಬರು ನೆನಪಾದರೆ ಅಸಹ್ಯ. ಬೂಟಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಬಂದು ಟಿಕ್ ಹಾಕಿ ಹೋದವರು ನೆನಪಾದರೆ ಅಸಹ್ಯ. ಆದರೆ ಅವರು ಯಾರೂ ಖಾಜಾ ಭಾಯ್‌ನ ಹೆಸರು ಹಿಡಿದು ಕರೆದು ಸರಪಳಿ ಕೈಗೆ ಕೊಟ್ಟಿರಲಿಲ್ಲ. ಹದಿನೈದು ವರ್ಷ ಅವರ ಕಣ್ಣು ಕಾಯ್ದಿದ್ದ ಪಾಚಿಗಟ್ಟಿದ ಟಾಕಿಗೆ ಕಪ್ಪೆ ಬಿಟ್ಟವಳು ನಾನು. ಶುಕ್ರವಾರ ಸಂಜೆ ಸಹಿ ಬಿದ್ದರೆ ಅವರು ಉಳಿದ ಒಂದು ಕಣ್ಣಿನಲ್ಲಿ ಜೀವನ ಪೂರ್ತಿ ತಮ್ಮನ್ನೇ ಬೈದುಕೊಂಡು ಇರುತ್ತಾರೆ. ಬಾಬುರಾವ್ ಕಾಕಾ ಬಾಯಿ ಬಿಟ್ಟರೆ ಅವರ ಕೆಲಸ ಹೋಗುತ್ತದೆ. ಸುನೀಲ ಬಾಯಿ ಬಿಡುವುದಿಲ್ಲ. ಉಳಿದವಳು ಒಬ್ಬಳೇ.

ಶುಕ್ರವಾರ ಬೆಳಿಗ್ಗೆ ಹೋದೆ. ಸಣ್ಣಗೆ ಹನಿ ಬೀಳುತ್ತಿತ್ತು. ಖಾಜಾ ಭಾಯ್ ಅದೇ ಗೋಡೆಗೆ ಒರಗಿ ಕೂತಿದ್ದರು. ಕಾಗದ ಮುಂದೆ ಚಾಪೆಯ ಮೇಲೆ, ಅದರ ಮೇಲೆ ಪೆನ್ನು. ಚಪ್ಪಲಿ ಬಿಟ್ಟು ಒಳಗೆ ಹೋದವಳೇ ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತ್ತು.

"ಭಾಯ್, ಆ ಶವರಿಗಿ ಲೈನೇ ಇರಲಿಲ್ರಿ. ಅವತ್ತ ಬಂದದ್ದು ಡ್ರಮ್ಮಿನ ನೀರು. ಹಿಂದ ಸ್ಲ್ಯಾಬಿನ ಮ್ಯಾಲ ನಾವೇ ಡ್ರಮ್ ಇಟ್ಟು ಪೈಪ್ ಹಚ್ಚಿದ್ವಿ. ನೀವು ಬರೋಬ್ಬರೇ ಎಳದೀರಿ. ಹ್ಯಾಂಗ ಎಳದ್ರೂ ಬರ್ತಿರಲಿಲ್ಲ."

ಅವರ ಹೆಂಡತಿ ಒಲೆ ಬಿಟ್ಟು ಬಾಗಿಲಿಗೆ ಬಂದರು. ಖಾಜಾ ಭಾಯ್ ಬಯ್ಯುತ್ತಾರೆ ಅಂತ ಕಾದೆ. ಎದ್ದು ಹೊಡೆದರೂ ಹೊಡೆಸಿಕೊಳ್ಳೋಣ ಅಂತ ಇತ್ತು. ಅವರು ನನ್ನ ಧ್ವನಿ ಬಂದ ಕಡೆ ಮುಖ ಮಾಡಿ ಕೂತೇ ಇದ್ದರು. ತಾವು ಮಾಡದ ತಪ್ಪು ಮೈಮೇಲಿಂದ ಇಳಿದು ಹೋಗುತ್ತಿರುವುದು ಅವರ ಹೆಗಲಲ್ಲಿ ಕಾಣುತ್ತಿತ್ತು. ಆಮೇಲೆ ಕೇಳಿದರು.

"ಡ್ರಮ್ ಎಷ್ಟ ಲೀಟರಿಂದು?"

"ಇನ್ನೂರ್ರಿ."

"ಕಣ್ಣ ತೊಳಿಯಾಕ ಸಾಕಿತ್ತು." ಮತ್ತೆ, "ಯಾಕ ಇಳಿಸಿದ್ರಿ ಬೆಹನ್ ಅದನ್ನ?"

ಇದನ್ನು ಯಾರೂ ಕೇಳಿರಲಿಲ್ಲ. ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಡ್ರಮ್ಮು ಏರಿಸಿದ್ದು ತಪ್ಪು ಅಂತ ಅಷ್ಟು ದಿನ ಕೊರಗಿದ್ದೆ. ಅದು ಅಲ್ಲೇ ಇದ್ದಿದ್ದರೆ, ನಾವು ಅದನ್ನು ಒರೆಸಿ ವಾಪಸು ಕೊಡದೆ ಹಾಗೇ ಬಿಟ್ಟು ಹೋಗಿದ್ದರೆ, ಈ ಮನುಷ್ಯನಿಗೆ ಎರಡು ಕಣ್ಣು ಇರುತ್ತಿದ್ದವು.

"ನಾಟಕ ಮುಗದಿತ್ತಲ್ರಿ ಭಾಯ್," ಅಂದೆ.

ಅವರು ಕೈಯಿಂದ ಚಾಪೆ ಸವರಿ ಕಾಗದ ಸಿಕ್ಕ ಮೇಲೆ ಅದನ್ನು ಮಗುಚಿ ಹಾಕಿ, ಹಿಂದಿನ ಖಾಲಿ ಪುಟವನ್ನು ನನ್ನ ಕಡೆ ತಳ್ಳಿದರು. ಪೆನ್ನನ್ನೂ ತಳ್ಳಿದರು.

"ಕೂಡು. ಈಗ ಹೇಳಿದಿಯಲ್ಲ, ಹಂಗೇ ಬರಿ. ಆಫೀಸರ್ ಬಂದಾಗ ಕೊಡ್ತೀನಿ. ಕೆಳಗ ನಿನ್ನ ಸಹಿ ಹಾಕು. ನನ್ನದಲ್ಲ."

ಕೂತು ಬರೆದೆ. ಲೈನ್ ಕಡಿದದ್ದು, ಸಾಹೇಬರು ಹೇಳಿದ್ದು, ಡ್ರಮ್ಮು, ಪೈಪು, ಕ್ಲಿಪ್ಪು, ಎರಡು ಸಲ ಎಳೆದದ್ದು, ಇಳಿಸಿದ್ದು, ವಿಡಿಯೋ ಕಳಿಸಿದ್ದು. ಬಾಬುರಾವ್ ಕಾಕಾನ ಹೆಸರು ಬರೆಯಲಿಲ್ಲ. ಪುಟ ತುಂಬಿತು. ಓದಿ ಹೇಳು ಅಂದರು, ಓದಿದೆ. ಅವರ ಹೆಂಡತಿ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು ಕೇಳಿದರು. "ಇದರಿಂದ ಕೆಲಸಗಾರರಿಗೆ ತಪ್ಪು ತಿಳುವಳಿಕೆ ಆಗಬಹುದೆಂದು ನಮಗೆ ಆಗ ಹೊಳೆಯಲಿಲ್ಲ" ಅನ್ನುವ ಸಾಲಿಗೆ ಬಂದಾಗ ಖಾಜಾ ಭಾಯ್ ಕೈ ಎತ್ತಿದರು.

"ಅವತ್ತ ಮ್ಯಾಲಿಂದ ಯಾರೋ ಅಂದ್ರು, ಲೈನ್ ಹಾಕ್ಯಾರ ಅಂತ. ನನಗ ನೀರಾಗ ನಿಂತೂ ಕೇಳಿಸ್ತು. ನಿನಗ ಕೇಳಸ್ಲಿಲ್ಲೇನು?"

ಓದುತ್ತಿದ್ದ ಕಾಗದ ಕೆಳಗಿಟ್ಟೆ.

"ಕೇಳಿಸ್ತ್ರಿ."

"ಹಂಗಾದ್ರ ಅದನ್ನ ಬರಿ."

ಆ ಸಾಲು ಹೊಡೆದು ಹಾಕಿದೆ. ಅದರ ಮೇಲೆ, ಅಕ್ಷರ ಸಣ್ಣದು ಮಾಡಿ, ನನಗೆ ಕೇಳಿಸಿತ್ತು ಅಂತ ಬರೆದು ಸಹಿ ಹಾಕಿದೆ.